ಶಿವಮೊಗ್ಗಕ್ಕೊಂದು ಲಿನಕ್ಸ್ ತರಬೇತಿ ಮತ್ತು ಸಹಾಯ ಕೇಂದ್ರ: ಎಲ್ಲಿಂದ ಶುರು ಮಾಡೋಣ?

ದುರ್ಗಿಗುಡಿ ಸರ್ವೀಸ್ ಅಂಗಡಿ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ರಿಪೇರಿಯವರು, ಮೇಷ್ಟ್ರುಗಳು, ಸೊಸೈಟಿಯವರು, ಡಿಟಿಪಿಯವರು ಎಲ್ಲ ಇಲ್ಲಿದ್ದೀರಿ. ಹಾಗಾಗಿ ಬಹಳ ದಿನದಿಂದ ಮನಸ್ಸಿನಲ್ಲಿರುವ ಒಂದು ವಿಷಯ ನಿಮ್ಮ ಮುಂದೆ ಇಡುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆ ಬಳಕೆಯವರು ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ಸರಿ, ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನನ್ನ ಟೇಬಲ್ ಮೇಲೆ ಬರುವುದರಲ್ಲಿ ಜಾಸ್ತಿ ಪಾಲು ಆರನೇ, ಏಳನೇ ತಲೆಮಾರಿನ ಐ3ಗಳು. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಬೋರ್ಡ್ ಗಟ್ಟಿಯಾಗಿದೆ, ಸ್ಕ್ರೀನ್ ಚೆನ್ನಾಗಿದೆ. ಗುಜರಿಗೆ ಹಾಕುವಂಥ ಮಾಲಲ್ಲ.

ತಂದವರು ಕೇಳುವುದು ಒಂದೇ: "ಹೇಗಾದ್ರೂ ಮಾಡಿ 11 ಹಾಕಿಕೊಡಿ." ಹಾರ್ಡ್‌ವೇರ್ ಪರೀಕ್ಷೆ ತಪ್ಪಿಸಿ, ಕ್ರ್ಯಾಕ್ ಮಾಡಿ ಹಾಕಿಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಕ್ರ್ಯಾಕ್ ಫೈಲ್ ಓಡಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕು. ಆಫ್ ಆದ ಹೊತ್ತಿನಲ್ಲಿ ಅದರ ಜೊತೆ ಇನ್ನೇನು ಒಳಗೆ ಬಂತು ಎಂದು ನೋಡುವವರು ಯಾರು? ಮರುದಿನ ಅದೇ ಮೆಷಿನ್‌ನಲ್ಲಿ ಸೊಸೈಟಿ ಲೆಕ್ಕ, ನೆಟ್ ಬ್ಯಾಂಕಿಂಗ್, ಮಕ್ಕಳ ಆಧಾರ್ ಸ್ಕ್ಯಾನ್ ಎಲ್ಲ ಶುರು. ನೋಡಿ ನೋಡಿ ಸಂಕಟವಾಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಏಳೂ ತಾಲ್ಲೂಕಿಗೆ ಸೇರಿ ಶಿವಮೊಗ್ಗದಲ್ಲಿ ಒಂದು ಕೇಂದ್ರ ಮಾಡೋಣವೇ? ಲಿನಕ್ಸ್‌ನಂಥ ಸುರಕ್ಷಿತವಾದ, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಓಎಸ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್ ಹಾಕಿಕೊಡುವುದು, ಬಳಸಲು ಕಲಿಸುವುದು, ಆಮೇಲೆ ಕೈಬಿಡದೆ ನೋಡಿಕೊಳ್ಳುವುದು. ಈ ಮೂರರಲ್ಲಿ ಕೊನೆಯದೇ ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲಿನಕ್ಸ್ ಹಾಕಿಸಿಕೊಂಡವರು ವಾಪಸ್ ಹೋಗುವುದು ಅದು ಕಷ್ಟ ಎಂಬ ಕಾರಣಕ್ಕಲ್ಲ. ಬೆಳಿಗ್ಗೆ ಪ್ರಿಂಟ್ ಬರಲಿಲ್ಲ, ಎದುರಿಗೆ ಗಿರಾಕಿ ಕಾಯುತ್ತಿದ್ದಾರೆ, ಯಾರನ್ನು ಕೇಳಬೇಕೋ ಗೊತ್ತಿಲ್ಲ. ಆಗ ಪಕ್ಕದ ಅಂಗಡಿಯ ಹುಡುಗ ಬಂದು ಅರ್ಧ ಗಂಟೆಯಲ್ಲಿ ವಿಂಡೋಸ್ ಹಾಕಿ ಹೋಗುತ್ತಾನೆ. ತೋಟಕ್ಕೆ ಪಂಪ್‌ಸೆಟ್ ತರುವಾಗಲೂ ನಾವು ಹತ್ತಿರದಲ್ಲಿ ಯಾವ ಕಂಪನಿಯ ರಿಪೇರಿಯವರಿದ್ದಾರೆ ಎಂದು ನೋಡಿಯೇ ತರುವುದು, ಅಲ್ವಾ?

ಯಾವ ಓಎಸ್, ಯಾರಿಗೆ ಮೊದಲು, ದುಡ್ಡು ಎಲ್ಲಿಂದ. ನಿಮಗೆ ಅನ್ನಿಸಿದ್ದನ್ನು ಬಿಚ್ಚು ಮನಸ್ಸಿನಿಂದ ಹೇಳಿ.

ಸೊರಬದ ಹುಡುಗ, ಸದ್ಯ ಬೆಂಗಳೂರು

ಅಣ್ಣಾ, ಓದಿ ಖುಷಿಯಾಯಿತು. ನಾನು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಬಂದು ಕಲಿಸಲು ತಯಾರಿದ್ದೇನೆ.

ಸುರಕ್ಷತೆಯೇ ಗುರಿ ಎಂದರೆ ನಿಜಕ್ಕೂ ಗಟ್ಟಿಯಾದದ್ದನ್ನೇ ಕಲಿಸೋಣ. ಓಪನ್‌ಬಿಎಸ್‌ಡಿ 1995ರಿಂದ ಸೆಕ್ಯುರಿಟಿಯನ್ನೇ ಮುಂದಿಟ್ಟುಕೊಂಡು ಬಂದಿರುವ ಓಎಸ್. ಜಗತ್ತಿನ ಸರ್ವರ್‌ಗಳಿಗೆಲ್ಲ ನಾವು ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್ ಆ ತಂಡದ ಕೂಸು. ಕ್ಯೂಬ್ಸ್ ಓಎಸ್ ಇದೆ. ಅದರಲ್ಲಿ ಬ್ಯಾಂಕ್ ಕೆಲಸ, ಇಮೇಲ್, ಅಪರಿಚಿತ ಫೈಲ್ ಎಲ್ಲವೂ ಬೇರೆ ಬೇರೆ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್ ಒಳಗೇ ಬೇರೆ ಕಂಪ್ಯೂಟರ್ ಇದ್ದ ಹಾಗೆ) ಓಡುತ್ತವೆ. ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ. ಟೇಲ್ಸ್ ಇದೆ, ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, ಆಫ್ ಮಾಡಿದರೆ ನಾವಾಗಿ ಉಳಿಸಿದ್ದು ಬಿಟ್ಟು ಬೇರೆ ಗುರುತೇ ಉಳಿಯುವುದಿಲ್ಲ.

ದುರ್ಗಿಗುಡಿ ಸರ್ವೀಸ್ ಅಂಗಡಿ

ತಮ್ಮಾ, ಮೂರೂ ಒಳ್ಳೆಯವೇ. ತಿಂಗಳಿಗೊಂದು ಭಾನುವಾರ ಕುತೂಹಲ ಇರುವವರಿಗೆ ತೋರಿಸೋಣ. ಆದರೆ ಕ್ಯೂಬ್ಸ್ ಚೆನ್ನಾಗಿ ಓಡಲು 16 ಜಿಬಿ ರ‍್ಯಾಮ್ ಬೇಕು. ನಮ್ಮ ಜನರ ಮೆಷಿನ್‌ನಲ್ಲಿ 4 ಇದೆ. ಓಪನ್‌ಬಿಎಸ್‌ಡಿ ಆರು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಕೊನೆಯ ಎರಡು ಆವೃತ್ತಿಗೆ ಮಾತ್ರ ರಿಪೇರಿ ಸಿಗುತ್ತದೆ. ಅಂದರೆ ವರ್ಷದೊಳಗೆ ಪ್ರತಿ ಮೆಷಿನ್ ಮುಟ್ಟಲೇಬೇಕು. ಹೊಸನಗರದ ಆಚೆ ಹಳ್ಳಿಯಲ್ಲಿರುವ ಮೆಷಿನ್‌ಗೆ ಅದು ಆಗುವ ಮಾತಲ್ಲ.

2017ರ ಮೇ ತಿಂಗಳ ವನ್ನಾಕ್ರೈ ವೈರಸ್ ದಾಳಿ ನೆನಪಿಸಿಕೊಳ್ಳಿ. ಅದು ನುಗ್ಗಿದ ವಿಂಡೋಸ್ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಾಗಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸುರಕ್ಷತೆ ಎನ್ನುವುದು ಮುಕ್ಕಾಲು ಪಾಲು ಇಷ್ಟೇ: ಅಪ್‌ಡೇಟ್ ಸಿಗುತ್ತಿರಬೇಕು, ಅದು ತಾನಾಗೇ ಕೂರಬೇಕು, ಕೂತ ಮೇಲೆ ಕೆಲಸ ಕೆಡಬಾರದು.

ಅದಕ್ಕೆ ನನ್ನ ಮತ ಲಿನಕ್ಸ್‌ನ ಎರಡು ಬಗೆಗಳಾದ ಡೆಬಿಯನ್ ಅಥವಾ ಲಿನಕ್ಸ್ ಮಿಂಟ್‌ಗೆ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಮೂರು ವರ್ಷ ಪೂರ್ತಿ ಬೆಂಬಲ, ಮೇಲೆ ಎರಡು ವರ್ಷ ಸೆಕ್ಯುರಿಟಿ, ಒಟ್ಟು 2030ರವರೆಗೆ. ಮಿಂಟ್ 22 ಸರಣಿಗೆ 2029ರವರೆಗೆ. ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ಆರಾಮವಾಗಿ ಓಡುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿದರೆ ಮಾಲೀಕರಿಗೇ ಇದು ತಮ್ಮ ಮೆಷಿನ್ ಎಂದು ನಂಬಿಕೆ ಬರುವುದಿಲ್ಲ.

ಸಾಗರ ಕಡೆಯ ಸೊಸೈಟಿ ಕಾರ್ಯದರ್ಶಿ

ಮಾರಾಯ್ರೇ, ನನ್ನದು ಬೇರೆ ತಲೆಬಿಸಿ. ನಮ್ಮದು ಹಳ್ಳಿ ಸಹಕಾರ ಸಂಘ. ಕಂಪ್ಯೂಟರ್ ಒಂದರಲ್ಲಿ ಸಾಲದ ಲೆಕ್ಕದ ಸಾಫ್ಟ್‌ವೇರ್, ಒಂದರಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಪತ್ರ ವ್ಯವಹಾರ. ಮೊದಲ ಎರಡೂ ವಿಂಡೋಸ್ ಬಿಟ್ಟು ಓಡುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಬೇರೆ ಇದೆ. ನಾಳೆ ಆಡಿಟ್ ಹೊತ್ತಿಗೆ ಏನಾದರೂ ಕೈಕೊಟ್ಟರೆ ಉತ್ತರ ಕೊಡಬೇಕಾದವನು ನಾನು.

ಆದರೆ ಸುಮ್ನೆ ಕೂರುವುದಕ್ಕೂ ಭಯ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಒಂದು ಸಂಸ್ಥೆಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಕ್ಕಿತು. ಯುಪಿಐ ನಡೆಸುವ ಎನ್‌ಪಿಸಿಐ ಅವರ ಸಂಪರ್ಕ ಕಡಿದು ಹಾಕಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತುಹೋಯಿತು. ಆ ಸುದ್ದಿ ಓದಿದ ಮೇಲೆ ನಮ್ಮ ಕಚೇರಿ ಒಮ್ಮೆ ಸುತ್ತಿ ನೋಡಿದೆ. ಬ್ಯಾಕಪ್ ತೆಗೆಯುವ ಹಾರ್ಡ್ ಡಿಸ್ಕ್ ಹಗಲು ರಾತ್ರಿ ಕಂಪ್ಯೂಟರ್‌ಗೇ ಚುಚ್ಚಿಕೊಂಡಿತ್ತು. ವೈರಸ್ ಬಂದರೂ ಎರಡೂ ಹೋಗುತ್ತವೆ, ಸಿಡಿಲು ಬಡಿದರೂ ಎರಡೂ ಹೋಗುತ್ತವೆ.

ದುರ್ಗಿಗುಡಿ ಸರ್ವೀಸ್ ಅಂಗಡಿ

ಕಾರ್ಯದರ್ಶಿಗಳೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಟ್ಯಾಲಿ ಮೆಷಿನ್ ಮುಟ್ಟುವುದು ಬೇಡ. ಲೆಕ್ಕದ್ದು ವಿಂಡೋಸ್‌ನಲ್ಲೇ ಇರಲಿ, ಆದರೆ ಅದು ಲೆಕ್ಕಕ್ಕೆ ಮಾತ್ರ. ಅದರಲ್ಲಿ ಇಮೇಲ್ ಇಲ್ಲ, ಯೂಟ್ಯೂಬ್ ಇಲ್ಲ, ಯಾರದ್ದೋ ಪೆನ್‌ಡ್ರೈವ್ ಇಲ್ಲ. ಅದಕ್ಕೆ ಅಪ್‌ಡೇಟ್ ಸಿಗುವ ಅಸಲಿ ವಿಂಡೋಸೇ ಇರಬೇಕು. ಇಂಟರ್‌ನೆಟ್, ಪತ್ರ, ಅರ್ಜಿ ಕೆಲಸದ ಮೆಷಿನ್ ಮಾತ್ರ ಲಿನಕ್ಸ್‌ಗೆ ಬರಲಿ. ಕೆಟ್ಟದ್ದು ಬರುವುದೇ ಆ ಬಾಗಿಲಿಂದ. ಡಿಜಿಟಲ್ ಸಹಿ ಟೋಕನ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಇದೆ, ಕೆಲವಕ್ಕೆ ಇಲ್ಲ. ಟೋಕನ್ ತಂದು ಕೇಂದ್ರದಲ್ಲಿ ಚುಚ್ಚಿ ನೋಡದೆ ಯಾರೂ ಮಾತು ಕೊಡಬಾರದು.

ಬ್ಯಾಕಪ್‌ಗೆ ಎರಡು ಡಿಸ್ಕ್ ಇಡಿ. ವಾರ ಬಿಟ್ಟು ವಾರ ಬದಲಿಸಿ. ಬಳಸದ ಡಿಸ್ಕ್ ಬೇರೆ ಕಟ್ಟಡದಲ್ಲಿರಲಿ. ಇದಕ್ಕೆ ಯಾವ ಓಎಸ್ ಕೂಡ ಬದಲಿಸಬೇಕಿಲ್ಲ, ನಾಳೆಯೇ ಮಾಡಬಹುದು.

ತೀರ್ಥಹಳ್ಳಿ ಡಿಟಿಪಿ

ನಾನೂ ಸ್ವಲ್ಪ ಹೇಳಬಹುದಾ? ಲಗ್ನಪತ್ರಿಕೆ, ಕರಪತ್ರ, ವಂಶಾವಳಿ ಅರ್ಜಿ, ತೋಟದ ಕರಾರು ಎಲ್ಲ ಟೈಪ್ ಮಾಡಿಕೊಡುತ್ತೇನೆ. ಹದಿನೈದಿಪ್ಪತ್ತು ವರ್ಷದ ಫೈಲ್ ಇದೆ. ಎಲ್ಲ ಹಳೇ ನುಡಿ ಫಾಂಟಿನಲ್ಲಿ. ಹಿಂದೊಮ್ಮೆ ಒಬ್ಬರು ಬಂದು ಲಿನಕ್ಸ್ ಹಾಕಿಕೊಟ್ಟರು. ಫೈಲ್ ತೆಗೆದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಗುರುತುಗಳು, ವಿಚಿತ್ರ ಚಿಹ್ನೆಗಳು. ಆಮೇಲೆ ಪ್ರಿಂಟರ್. ಎಲ್ಲ ಜೆರಾಕ್ಸ್ ಅಂಗಡಿಯಲ್ಲೂ ಇರುವ ಸಣ್ಣ ಲೇಸರ್ ಪ್ರಿಂಟರ್ ನಂದೂ. ಎಷ್ಟು ಒದ್ದಾಡಿದರೂ ಅದು ಅಲುಗಲಿಲ್ಲ. ಹಾಕಿಕೊಟ್ಟವರು ಫೋನ್ ಎತ್ತಲಿಲ್ಲ. ಸಂಜೆಗೇ ವಿಂಡೋಸ್‌ಗೆ ವಾಪಸ್.

ಈಗ ಹೇಳಿ, ನಿಮ್ಮ ಕೇಂದ್ರದಲ್ಲಿ ಇದಕ್ಕೆ ಉತ್ತರ ಇದೆಯಾ?

ಕನ್ನಡ ಟೈಪಿಂಗ್ ಕಲಿಸುವವರು, ಭದ್ರಾವತಿ

ಅಕ್ಕಾ, ಕನ್ನಡದ ಭಾಗಕ್ಕೆ ನಾನು ಉತ್ತರ ಹೇಳುತ್ತೇನೆ. ಇದು ಲಿನಕ್ಸ್‌ನ ತೊಂದರೆಯಲ್ಲ. ಹಳೇ ನುಡಿ, ಬರಹ ಫೈಲ್‌ಗಳ ಒಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಚೆಲ್ಲಾಪಿಲ್ಲಿ. ವಿಂಡೋಸ್‌ನಲ್ಲೂ ಫಾಂಟ್ ತೆಗೆದು ನೋಡಿ, ಹಾಗೇ ಆಗುತ್ತದೆ.

ಪರಿಹಾರ ಯೂನಿಕೋಡ್‌ಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಪದ್ಧತಿಗೆ ಬದಲಿಸುವುದು. ಪರಿವರ್ತಕಗಳು ಇವೆ, ಉಚಿತ. ಬದಲಾದ ಮೇಲೆ ಒಮ್ಮೆ ಕಣ್ಣಿಟ್ಟು ಓದಲೇಬೇಕು, ಅದರಲ್ಲೂ ಅರ್ಕಾವತ್ತು ಇರುವ ಕಡೆ. "ಧರ್ಮ" ಎನ್ನುವುದರಲ್ಲಿ ಕಣ್ಣಿಗೆ ಅರ್ಕಾವತ್ತು "ಮ" ಆದ ಮೇಲೆ ಕಾಣುತ್ತದೆ. ಹಳೇ ಫೈಲಿನಲ್ಲೂ ಹಾಗೇ, ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ "ರ್" ಮೊದಲು ಬಂದು ಆಮೇಲೆ "ಮ" ಬರುತ್ತದೆ. ಪರಿವರ್ತಕ ಜಾಗ ಅದಲುಬದಲು ಮಾಡಬೇಕು. ಒತ್ತಕ್ಷರ, ದೀರ್ಘ ಎಲ್ಲ ಒಟ್ಟಿಗೆ ಇದ್ದರೆ ಕೆಲವು ಸಲ ತಪ್ಪುತ್ತದೆ. ಕರಾರು ಪತ್ರದಲ್ಲಿ ಹೆಸರು ತಪ್ಪಿದರೆ ಕಷ್ಟ, ಅದಕ್ಕೇ ಓದಿ ಎನ್ನುವುದು. ಒಮ್ಮೆ ಬದಲಿಸಿಟ್ಟರೆ ಹುಡುಕಿದರೆ ಸಿಗುತ್ತದೆ, ಫೋನಿನಲ್ಲೂ ತೆರೆಯುತ್ತದೆ, ಮುಂದೆ ಯಾವ ಓಎಸ್ ಬಂದರೂ ಚಿಂತೆಯಿಲ್ಲ.

ಟೈಪಿಂಗ್ ಬಗ್ಗೆ ಹೆದರಬೇಡಿ. ಕೆ.ಪಿ. ರಾವ್ ಅವರ ವಿನ್ಯಾಸ ಆಧರಿಸಿದ, ನೀವು ನುಡಿಯಲ್ಲಿ ಒತ್ತುತ್ತಿದ್ದ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಐಬಸ್ ಎನ್ನುವ ವ್ಯವಸ್ಥೆಯಲ್ಲಿ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂದು ಕಾಣುತ್ತದೆ. ಬೆರಳಿನ ಅಭ್ಯಾಸ ಬದಲಿಸಬೇಕಾಗಿಲ್ಲ. ಫಾಂಟಿಗೆ ಲೋಹಿತ್, ನೋಟೋ, ಗುಬ್ಬಿ, ನವಿಲು ಇವೆ. ಲಗ್ನಪತ್ರಿಕೆಗೆ ಬೇಕಾಗುವ ಅಲಂಕಾರದ ಫಾಂಟ್ ಮಾತ್ರ ಯೂನಿಕೋಡ್‌ನಲ್ಲಿ ಇನ್ನೂ ಕಡಿಮೆ. ಅದು ನಿಜವಾದ ಕೊರತೆ.

ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಕಂಪ್ಯೂಟರ್‌ನಲ್ಲಿ ಕನ್ನಡ ಸರಿಯಾಗಬೇಕು ಎಂದು ಕೊನೆಯವರೆಗೂ ತಲೆ ಕೆಡಿಸಿಕೊಂಡಿದ್ದರು. ಈ ಕೇಂದ್ರ ಆದರೆ ಕನ್ನಡದ ಕೆಲಸಕ್ಕೆ ಒಂದು ಟೇಬಲ್ ಬೇರೆಯೇ ಇಡಬೇಕು ಎಂದು ನನ್ನ ಆಸೆ.

ದುರ್ಗಿಗುಡಿ ಸರ್ವೀಸ್ ಅಂಗಡಿ

ಒಂದು ಟೇಬಲ್ ಖಂಡಿತ.

ಅಕ್ಕಾ, ಪ್ರಿಂಟರ್ ವಿಷಯ. ಲಿನಕ್ಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳುವುದು ಕಪ್ಸ್ ಎನ್ನುವ ಸಾಫ್ಟ್‌ವೇರ್. ಈಚಿನ ವೈಫೈ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ ಡ್ರೈವರೇ ಬೇಡ, ಕಪ್ಸ್ ತಾನೇ ಹುಡುಕಿಕೊಳ್ಳುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಎಂಬ ಪ್ರಿಂಟರ್ ಭಾಷೆ ಅರ್ಥವಾಗುವ ಪ್ರಿಂಟರ್ ಆದರೂ ತೊಂದರೆಯಿಲ್ಲ. ನಿಮ್ಮಂಥ ಅಗ್ಗದ ಹಳೇ ಲೇಸರ್‌ಗಳು ತಮ್ಮದೇ ಬೇರೆ ಭಾಷೆ ಮಾತಾಡುತ್ತವೆ. ಪುಟವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸುವ ಕೆಲಸವನ್ನೂ ಕಂಪ್ಯೂಟರ್ ಮೇಲೆ ಹಾಕುತ್ತವೆ. ಕಂಪನಿ ಲಿನಕ್ಸ್‌ಗೆ ಡ್ರೈವರ್ ಕೊಟ್ಟಿದ್ದರೂ ಅದು ಹಳೆಯದಾಗಿ, ಹೊಸ ಆವೃತ್ತಿಯಲ್ಲಿ ಕೈಕೊಡುತ್ತದೆ.

ಅದಕ್ಕೆ ಕೇಂದ್ರ ಮಾಡಬೇಕಾದ ಮೊದಲ ಕೆಲಸ ಒಂದು ಪಟ್ಟಿ. ಜಿಲ್ಲೆಯಲ್ಲಿ ಜನ ಬಳಸುವ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಯಂತ್ರ, ಟೋಕನ್ ಎಲ್ಲ ತಂದು ಇದೇ ಡೆಬಿಯನ್, ಇದೇ ಮಿಂಟ್ ಮೇಲೆ ಪರೀಕ್ಷೆ ಮಾಡಿ ಬರೆದಿಡುವುದು. ಓಡುತ್ತದೆ, ಹೀಗೆ ಮಾಡಿದರೆ ಓಡುತ್ತದೆ, ಓಡುವುದಿಲ್ಲ. ಓಡದಿದ್ದರೆ ಮುಖಕ್ಕೇ ಹೇಳುವುದು: "ಅಕ್ಕಾ, ನಿಮ್ಮ ಮೆಷಿನ್ ಈಗ ಬದಲಿಸಬೇಡಿ." ಹಾಗೆ ಹೇಳುವ ಕೇಂದ್ರವನ್ನು ಜನ ನಂಬುತ್ತಾರೆ.

ಕೋರೆಲ್‌ಡ್ರಾ ಕೂಡ ಲಿನಕ್ಸ್‌ಗೆ ಇಲ್ಲ. ಇಂಕ್‌ಸ್ಕೇಪ್, ಸ್ಕ್ರೈಬಸ್ ಇವೆ, ಚೆನ್ನಾಗಿವೆ. ಆದರೆ ದಿನವಿಡೀ ಕೋರೆಲ್‌ನಲ್ಲಿ ಕೈ ಓಡಿಸುವವರಿಗೆ ಮದುವೆ ಸೀಸನ್‌ನಲ್ಲಿ ಅದನ್ನು ಹೇರಬಾರದು.

ಹೊಸನಗರದ ಮೇಷ್ಟ್ರು

ನಾನು ಸರ್ಕಾರಿ ಹೈಸ್ಕೂಲಿನವನು. ಶಾಲೆಗಳಿಂದ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಕೇರಳವನ್ನು ನೋಡಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರು ಮಾಡಿದರು. ಈಗ ಕೈಟ್ ಎನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಅವರದ್ದೇ ಲಿನಕ್ಸ್, ಮಲಯಾಳಂ ಸಮೇತ. ಶಿಕ್ಷಕರಿಗೆ ಅದರಲ್ಲೇ ತರಬೇತಿ. 2018ರಿಂದ ಲಿಟಲ್ ಕೈಟ್ಸ್ ಎಂದು ಮಕ್ಕಳ ಕ್ಲಬ್ ಇದೆ, ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವುದನ್ನೂ ಮಕ್ಕಳೇ ಕಲಿಯುತ್ತಾರೆ. ನಮ್ಮಲ್ಲೂ ಇದರ ಬೀಜ ಇಲ್ಲದಿಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯವರು ಇಲಾಖೆಯ ಜೊತೆ ಸೇರಿ ಹೈಸ್ಕೂಲು ಶಿಕ್ಷಕರಿಗೆ ಉಬುಂಟು ಎನ್ನುವ ಲಿನಕ್ಸ್‌ನಲ್ಲೇ ಕಲಿಸಿದ್ದರು.

ಮಲೆನಾಡಿನ ಕಷ್ಟ ಬೇರೆ. ಜೂನ್ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಅದರ ಜೊತೆ ಫೈಬರ್ ಕೂಡ ಕಡಿದುಹೋಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷಗಳಾಗಿರುತ್ತವೆ. ಶೀತಕ್ಕೆ ರ‍್ಯಾಮ್ ಕಡ್ಡಿ ಕಿಲುಬು ಹಿಡಿದು ಮೆಷಿನ್ ಬೀಪ್ ಬೀಪ್ ಎನ್ನುತ್ತದೆ. ನಮ್ಮ ಹುಡುಗಿಯೊಬ್ಬಳು ರಬ್ಬರಿನಿಂದ ಉಜ್ಜಿ ಕೂರಿಸುವುದನ್ನು ಕಲಿತುಬಿಟ್ಟಿದ್ದಾಳೆ. ಹತ್ತನೇ ತರಗತಿ. ಇಂಥ ಮಕ್ಕಳಿಗೆ ಒಂದು ದಾರಿ ಆಗಬೇಕು.

ಅಪ್‌ಡೇಟ್ ಅಪ್‌ಡೇಟ್ ಎನ್ನುತ್ತೀರಿ. ನೆಟ್ಟೇ ಇಲ್ಲದ ಕಡೆ ಅದು ಹೇಗೆ?

ಸೊರಬದ ಹುಡುಗ, ಸದ್ಯ ಬೆಂಗಳೂರು

ಮೇಷ್ಟ್ರೇ, ಇದಕ್ಕೆ ಡೆಬಿಯನ್ ಕುಟುಂಬದಲ್ಲಿ ಒಳ್ಳೆ ವ್ಯವಸ್ಥೆ ಇದೆ. ಲ್ಯಾಬಿನ ಒಂದು ಹಳೇ ಮೆಷಿನ್‌ನಲ್ಲಿ ಆ್ಯಪ್ಟ್ ಕ್ಯಾಷರ್ (ಆ್ಯಪ್ಟ್ ಎಂದರೆ ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಾಕುವ ವ್ಯವಸ್ಥೆ) ಹಾಕುತ್ತೇವೆ. ಒಂದು ಮೆಷಿನ್ ಅಪ್‌ಡೇಟ್ ಇಳಿಸಿಕೊಂಡರೆ ಅದು ಅಲ್ಲೇ ಉಳಿಯುತ್ತದೆ. ಉಳಿದವು ನೆಟ್‌ಗೆ ಹೋಗದೆ ಅದರಿಂದಲೇ ತೆಗೆದುಕೊಳ್ಳುತ್ತವೆ. ಹತ್ತು ಮೆಷಿನ್‌ಗೆ ಹತ್ತು ಸಲ ಡೇಟಾ ಖರ್ಚಾಗುವುದಿಲ್ಲ. ನೆಟ್ ಪೂರ್ತಿ ಇಲ್ಲದ ಶಾಲೆಗೆ ಕೇಂದ್ರದಿಂದ ತಿಂಗಳಿಗೊಮ್ಮೆ ಡಿಸ್ಕ್‌ನಲ್ಲಿ ತುಂಬಿ ಕಳಿಸಬಹುದು. ಬಸ್ಸಿನಲ್ಲಿ ಕಳಿಸಿದ ಡಿಸ್ಕ್ ನಂಬಬಹುದಾ ಎಂದು ಕೇಳಬಹುದು. ಡೆಬಿಯನ್‌ನ ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಆ ಪಟ್ಟಿಯಲ್ಲಿ ಪ್ರತಿ ಫೈಲಿನ ಹ್ಯಾಷ್, ಅಂದರೆ ಬೆರಳಚ್ಚಿನಂಥ ಗುರುತಿನ ಸಂಖ್ಯೆ ಇರುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ತಿದ್ದಿದರೂ ಆ್ಯಪ್ಟ್ ಬೇಡ ಎನ್ನುತ್ತದೆ.

ಪಾಠಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆ ಆಫೀಸ್‌ನಂಥ ವಿಷಯಗಳು ಕನ್ನಡದಲ್ಲೂ ಸಿಗುತ್ತವೆ. ಇಳಿಸಿಟ್ಟುಕೊಂಡರೆ ನೆಟ್ ಬೇಡ.

ರಿಪ್ಪನ್‌ಪೇಟೆಯಿಂದ

ಒಂದು ಅನುಮಾನ. ಓಪನ್ ಸೋರ್ಸ್ ಎಂದರೆ ಕೋಡ್ ಎಲ್ಲರಿಗೂ ಕಾಣುತ್ತದೆ. ಕಳ್ಳರಿಗೂ ಕಾಣುತ್ತದಲ್ಲ? ಮತ್ತೆ ಸುರಕ್ಷಿತ ಹೇಗೆ?

ಸೊರಬದ ಹುಡುಗ, ಸದ್ಯ ಬೆಂಗಳೂರು

ಕೇಳಬೇಕಾದ ಪ್ರಶ್ನೆಯೇ. 2024ರ ಮಾರ್ಚ್‌ನಲ್ಲಿ ಆದದ್ದನ್ನು ಹೇಳುತ್ತೇನೆ.

ಎಕ್ಸ್‌ಝಡ್ ಎಂದು ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಫ್ಟ್‌ವೇರ್. ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ಬಹುಮಟ್ಟಿಗೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು, ಸುಸ್ತಾಗಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯ ಮಾಡುತ್ತೇನೆ ಎಂದು ಬಂದರು. ಎರಡು ವರ್ಷಕ್ಕೂ ಮೇಲೆ ಒಳ್ಳೆ ಕೆಲಸ ಮಾಡಿ ನಂಬಿಕೆ ಗಳಿಸಿದರು. ಆಮೇಲೆ 5.6.0 ಮತ್ತು 5.6.1 ಆವೃತ್ತಿಯಲ್ಲಿ ಕಳ್ಳಬಾಗಿಲು ಇಟ್ಟರು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಸರ್ವರ್ ಒಳಗೆ ನುಗ್ಗುವ ಹಾಗೆ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂಡದ ಆಂಡ್ರೆಸ್ ಫ್ರಾಯಿಂಡ್ ಎನ್ನುವವರಿಗೆ ತಮ್ಮ ಮೆಷಿನ್‌ನಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬಿಡಲಿಲ್ಲ. ಬೆನ್ನು ಹತ್ತಿ ಹೋದರು. ಕೋಡ್ ತೆರೆದಿದ್ದರಿಂದ ಹೋಗಲು ಆಯಿತು. ಮಾರ್ಚ್ 29ಕ್ಕೆ ಜಗತ್ತಿಗೆ ಹೇಳಿದರು. ಆ ಆವೃತ್ತಿ ಡೆಬಿಯನ್‌ನ ಪರೀಕ್ಷಾ ಶಾಖೆಗೆ ಬಂದಿತ್ತು, ಜನ ಬಳಸುವ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ.

ಹಾಗಾಗಿ ಓಪನ್ ಸೋರ್ಸ್ ಆದ ಮಾತ್ರಕ್ಕೆ ಭದ್ರ ಎಂದು ನಾನು ಹೇಳುವುದಿಲ್ಲ. ನೋಡುವವರು ಇದ್ದರೆ ಭದ್ರ. ನಮ್ಮ ಕಡೆಯಿಂದಲೂ ನೋಡುವವರು ತಯಾರಾಗಬೇಕು. ನನಗೆ ಈ ಕೇಂದ್ರದ ಬಗ್ಗೆ ಇಷ್ಟು ಆಸೆ ಇರುವುದು ಅದಕ್ಕೇ.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಅಣ್ಣಾ, ನಾನು ಆರನೇ ಸೆಮಿಸ್ಟರ್. ನಮಗೆ ಓಎಸ್ ಎಂದರೆ ಪರೀಕ್ಷೆಗೆ ಬರೆಯುವ ವಿಷಯ. ಶೆಡ್ಯೂಲಿಂಗ್, ಡೆಡ್‌ಲಾಕ್ ಎಲ್ಲ ಬಾಯಿಪಾಠ ಬರುತ್ತದೆ. ನಿಜವಾದ ಮೆಷಿನ್‌ನಲ್ಲಿ ಲಾಗ್ ಫೈಲ್ ತೆಗೆದು ಏನು ತಪ್ಪಾಯಿತು ಎಂದು ಹುಡುಕಿದ್ದು ಯಾವತ್ತೂ ಇಲ್ಲ. ಕೇಂದ್ರಕ್ಕೆ ನಾವು ಬಂದರೆ ಏನು ಕಲಿಸುತ್ತೀರಿ? ಕೆಲಸ ಸಿಗುವುದಕ್ಕೆ ಉಪಯೋಗ ಆಗುತ್ತದಾ ಎಂದು ಮನೆಯಲ್ಲಿ ಕೇಳುತ್ತಾರೆ.

ಸೊರಬದ ಹುಡುಗ, ಸದ್ಯ ಬೆಂಗಳೂರು

ಆಗುತ್ತದಮ್ಮಾ, ಖಂಡಿತ. ಸರ್ವರ್, ಕ್ಲೌಡ್ ಕೆಲಸವೆಲ್ಲ ಲಿನಕ್ಸ್ ಮೇಲೆಯೇ ನಿಂತಿದೆ. ನಾನು ಸಂದರ್ಶನದಲ್ಲಿ ಕೂತಾಗ ನೋಡುವುದು ಇದನ್ನೇ: ಏನೋ ಕೆಟ್ಟಿದೆ ಎಂದರೆ ಈ ಹುಡುಗಿ ಎಲ್ಲಿಂದ ಹುಡುಕಲು ಶುರು ಮಾಡುತ್ತಾಳೆ.

ಮೊದಲ ದಿನ ಐಎಸ್ಓ ಫೈಲ್ (ಓಎಸ್ ಹಾಕಲು ಬೇಕಾದ ಫೈಲ್) ಇಳಿಸಿ ಅದರ ಎಸ್‌ಎಚ್ಎ256 ಹ್ಯಾಷ್ ತಾಳೆ ನೋಡುವುದು. ಸುಮ್ನೆ ಕಾಟಾಚಾರಕ್ಕಲ್ಲ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ವೆಬ್‌ಸೈಟಿಗೇ ಕಳ್ಳರು ನುಗ್ಗಿ, ಇಳಿಸುವ ಕೊಂಡಿ ಬದಲಿಸಿ, ಕಳ್ಳಬಾಗಿಲಿನ ಐಎಸ್ಓ ಕೊಟ್ಟಿದ್ದರು. ಆಮೇಲೆ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿ ಇನ್‌ಸ್ಟಾಲ್ ಮಾಡುವುದು, ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೂ ಒಳಗಿನದು ಓದಲಾಗದ ಹಾಗೆ. ದಿನದ ಬಳಕೆಗೆ ಸಾಮಾನ್ಯ ಖಾತೆ, ಬೇಕಾದಾಗ ಮಾತ್ರ ಸುಡೋ ಎಂಬ ಆದೇಶದಿಂದ ಪೂರ್ತಿ ಅಧಿಕಾರ. ಫೈರ್‌ವಾಲ್. ಆ್ಯಪ್‌ಆರ್ಮರ್ ಯಾವ ಪ್ರೋಗ್ರಾಂಗೆ ಏನು ಮುಟ್ಟಲು ಬಿಡುತ್ತದೆ ಎಂದು ನೋಡುವುದು. ಜರ್ನಲ್ ಲಾಗ್ ಓದುವುದು. ಬ್ಯಾಕಪ್ ತೆಗೆಯುವುದು, ಅದಕ್ಕಿಂತ ಮುಖ್ಯವಾಗಿ ಬ್ಯಾಕಪ್‌ನಿಂದ ವಾಪಸ್ ತರುವುದು. ಇಷ್ಟು ಕೈಯಾರೆ ಮಾಡಿದ ಮೇಲೆ ಸಹಾಯದ ಮೇಜಿನಲ್ಲಿ ಕೂರಬೇಕು. ನಿಜವಾದ ಕಲಿಕೆ ಅಲ್ಲಿ.

ತೀರ್ಥಹಳ್ಳಿ ಡಿಟಿಪಿ

ಸಹಾಯದ ಮೇಜಿನಲ್ಲಿ ಕೂರುವ ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ನಮ್ಮಂಥವರು ಕೇಳಿದಾಗ "ಅಷ್ಟೂ ಗೊತ್ತಿಲ್ವಾ" ಎನ್ನುವ ದನಿ ಬರಬಾರದು. ಪರದೆ ಮೇಲೆ ಏನು ಬರೆದಿದೆ ಓದಿ ಎಂದು ನಿಧಾನಕ್ಕೆ ಕೇಳಬೇಕು. ಟರ್ಮಿನಲ್‌ನಲ್ಲಿ ಏನೇನೋ ಟೈಪ್ ಮಾಡಿಸಿ ಫೋನ್ ಇಡಬಾರದು.

ದುರ್ಗಿಗುಡಿ ಸರ್ವೀಸ್ ಅಂಗಡಿ

ಅಕ್ಕಾ, ಇದನ್ನು ತರಬೇತಿಯ ಮೊದಲ ಪಾಠವಾಗಿ ಬರೆದುಕೊಂಡೆ. ಅದರ ಜೊತೆ ಇನ್ನೊಂದು ನಿಯಮ. ದೂರದಿಂದ ಪರದೆ ನೋಡಿ ಸರಿ ಮಾಡುವ ಸೌಲಭ್ಯ ಬೇಕು, ಮಳೆಗಾಲದಲ್ಲಿ ಎಲ್ಲ ಕಡೆ ಓಡಾಡಲು ಆಗುವುದಿಲ್ಲ. ಆದರೆ ಅದೇ ಹೆಸರಿನಲ್ಲಿ "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ಈ ಆ್ಯಪ್ ಹಾಕಿ" ಎಂದು ಕಳ್ಳರು ಮೋಸ ಮಾಡುತ್ತಿದ್ದಾರೆ. ಹಾಗಾಗಿ ಕೇಂದ್ರದವರು ತಾವಾಗಿ ಯಾವತ್ತೂ ಫೋನ್ ಮಾಡಿ ಒಳಗೆ ಬಿಡಿ ಎಂದು ಕೇಳಬಾರದು. ನೀವು ನಮ್ಮ ನಂಬರಿಗೆ ಮಾಡಿದಾಗ ಮಾತ್ರ, ನಿಮ್ಮ ಕಣ್ಣೆದುರೇ, ಮುಗಿದ ಕೂಡಲೇ ಬಂದ್. ದುಡ್ಡು ಹೋದರೆ ನಮಗಲ್ಲ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಾಕೋಣ.

ಸಾಗರ ಕಡೆಯ ಸೊಸೈಟಿ ಕಾರ್ಯದರ್ಶಿ

ದುಡ್ಡಿನ ಮಾತು ಯಾರೂ ಆಡುತ್ತಿಲ್ಲ, ನಾನೇ ಆಡುತ್ತೇನೆ. ಪುಕ್ಕಟೆ ಕೆಲಸ ಆರು ತಿಂಗಳು ನಡೆಯುತ್ತದೆ. ಆಮೇಲೆ ಹುಡುಗರಿಗೆ ಕೆಲಸ ಸಿಗುತ್ತದೆ, ಹೋಗುತ್ತಾರೆ. ಸರ್ಕಾರದ ಅನುದಾನ ನಂಬಿ ಶುರು ಮಾಡಿದರೆ ಅನುದಾನ ನಿಂತ ದಿನ ಬೀಗ. ಇದು ನಾನು ಸಹಕಾರ ಕ್ಷೇತ್ರದಲ್ಲಿ ಕಂಡದ್ದು.

ಜರ್ಮನಿಯ ಮ್ಯೂನಿಕ್ ನಗರದ್ದು ಮಗ ಓದಿ ಹೇಳಿದ. 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನ ಮಾಡಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್ ಬದಲಿಸಿದರಂತೆ. 2017ರಲ್ಲಿ ವಾಪಸ್ ವಿಂಡೋಸ್ ಎಂದು ನಿರ್ಣಯ. ಅದೇ ಫ್ರಾನ್ಸ್‌ನ ಜೆಂಡಾರ್ಮರಿ ಪೊಲೀಸರು 2008ರಿಂದ ನಿಧಾನಕ್ಕೆ ಉಬುಂಟುಗೆ ಬಂದು, ಈಗ ಸುಮಾರು ಒಂದು ಲಕ್ಷ ಕಂಪ್ಯೂಟರ್ ಅದರಲ್ಲೇ ನಡೆಸುತ್ತಿದ್ದಾರೆ. ಅವರು ಒಂದೇ ಸಲ ಓಎಸ್ ಬದಲಿಸಲಿಲ್ಲ. ಮೊದಲು ಆಫೀಸ್ ಸಾಫ್ಟ್‌ವೇರ್, ಆಮೇಲೆ ಬ್ರೌಸರ್, ಜನರಿಗೆ ಕೈ ಕೂತ ಮೇಲೆ ಓಎಸ್. ನನಗೆ ಈ ಕ್ರಮ ಹಿಡಿಸಿತು. ನಾವೂ ವಿಂಡೋಸ್‌ನಲ್ಲೇ ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಹಾಕಿ ಆರು ತಿಂಗಳು ಬಿಡೋಣ.

ಖರ್ಚಿಗೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿ. ನಾವು ಈಗಲೂ ಕಂಪ್ಯೂಟರ್‌ಗೆ ವರ್ಷಕ್ಕಿಷ್ಟು ಎಂದು ಎಎಂಸಿ ಕಟ್ಟುತ್ತೇವೆ. ಅದನ್ನೇ ಕೇಂದ್ರಕ್ಕೆ ಕಟ್ಟುತ್ತೇವೆ. ಸೊಸೈಟಿ, ಅಂಗಡಿಯವರು ಕಟ್ಟಿದ್ದರಲ್ಲಿ ಸರ್ಕಾರಿ ಶಾಲೆಗಳಿಗೆ ಉಚಿತವಾಗಿ ನಡೆಯಲಿ. ನೋಂದಣಿಗೆ 1960ರ ಸಂಘಗಳ ಕಾಯ್ದೆಯೂ ಇದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆಯೂ ಇದೆ. ಕೆಲಸ ಮಾಡುವವರು, ಕೆಲಸ ಮಾಡಿಸಿಕೊಳ್ಳುವವರು ಇಬ್ಬರೂ ಸದಸ್ಯರಾಗುವ ಹಾಗೆ ಇರಲಿ. ಅಡಿಕೆ ಬೆಳೆಗಾರರು ಮಾರಾಟಕ್ಕೆ ಸಂಘ ಕಟ್ಟಿಕೊಂಡ ಜಿಲ್ಲೆ ನಮ್ಮದು, ಇದನ್ನು ಕಟ್ಟಲು ಆಗದೇ ಇರುವುದಿಲ್ಲ.

ಹೊಸನಗರದ ಮೇಷ್ಟ್ರು

ಕಾರ್ಯದರ್ಶಿಗಳು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್‌ಗೆ ಆದ್ಯತೆ ಎಂದು ನೀತಿ ತಂದಿದೆ, ಸರ್ಕಾರದ್ದೇ ಸಂಸ್ಥೆಯಾದ ಸಿ-ಡ್ಯಾಕ್ ಬಾಸ್ ಲಿನಕ್ಸ್ ಮಾಡಿದೆ, ರಕ್ಷಣಾ ಇಲಾಖೆ 2023ರಲ್ಲಿ ಮಾಯಾ ಎಂಬ ಓಎಸ್ ತಂದಿತು. ನೀತಿಗೇನೂ ಕೊರತೆಯಿಲ್ಲ. ಹಳ್ಳಿಯ ಶಾಲೆಗೆ ಬಂದು ನೋಡುವವರದ್ದೇ ಕೊರತೆ.

ಬದಲಿಸುವ ಸಮಯವೂ ಮುಖ್ಯ. ಕೊಯ್ಲು ಶುರುವಾದ ಮೇಲೆ ಯಾರೂ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಲೆಕ್ಕ, ಪರೀಕ್ಷೆ. ಮಳೆ ಹಿಡಿದ ಮೇಲೆ ಕರೆಂಟ್ ನಂಬುವ ಹಾಗಿಲ್ಲ. ಏಪ್ರಿಲ್, ಮೇ ಎರಡೇ ತಿಂಗಳು ನಮಗೆ ಸಿಗುವುದು. ಮಳೆಗಾಲವನ್ನು ಕಲಿಯಲು ಇಟ್ಟುಕೊಳ್ಳೋಣ.

ದುರ್ಗಿಗುಡಿ ಸರ್ವೀಸ್ ಅಂಗಡಿ

ಬಹಳ ಒಳ್ಳೆ ಚರ್ಚೆಯಾಯಿತು. ಇಲ್ಲಿಯವರೆಗೆ ಒಪ್ಪಿಕೊಂಡದ್ದರ ಮೇಲೆ ಶುರು ಮಾಡುತ್ತೇನೆ. ನನ್ನ ಅಂಗಡಿಯ ಮಹಡಿ ಖಾಲಿ ಇದೆ, ಜಾಗ ಹುಡುಕುವ ಚಿಂತೆ ಸದ್ಯಕ್ಕೆ ಬೇಡ. ಓಎಸ್ ಎರಡೇ: ಡೆಸ್ಕ್‌ಟಾಪ್‌ಗೆ ಮಿಂಟ್, ಲ್ಯಾಬ್‌ಗೆ ಮತ್ತು ಸರ್ವರ್‌ಗೆ ಡೆಬಿಯನ್. ಜಾಸ್ತಿ ಇಟ್ಟುಕೊಂಡರೆ ಫೋನಿನಲ್ಲಿ ಉತ್ತರ ಹೇಳುವವರಿಗೆ ಕಷ್ಟ. ಮೊದಲು ಪ್ರಿಂಟರ್ ಮತ್ತು ಟೋಕನ್‌ಗಳ ಪಟ್ಟಿ ಮುಗಿಯಲಿ, ಅಲ್ಲಿಯವರೆಗೆ ಯಾರ ಮೆಷಿನ್ ಕೂಡ ಬದಲಿಸುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಒಬ್ಬರು ಫೋನ್ ಹತ್ತಿರ ಇರಲೇಬೇಕು, ಅವರಿಗೆ ಸಂಬಳ ಕೊಡಲೇಬೇಕು. ಅಷ್ಟು ಎಎಂಸಿ ಕೂಡುವವರೆಗೆ ತರಬೇತಿಯ ಬೋರ್ಡ್ ಹಾಕುವುದು ಬೇಡ.

ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಪಟ್ಟಿ ಮಾಡುವ ಕೆಲಸ ನಮಗೆ ಕೊಡಿ ಅಣ್ಣಾ. ನಾವು ನಾಲ್ಕೈದು ಜನ ಇದ್ದೇವೆ. ಯಾವ ಮಾಡೆಲ್, ಯಾವ ಡ್ರೈವರ್, ಏನು ತೊಂದರೆ ಬಂತು ಎಲ್ಲ ಕನ್ನಡದಲ್ಲೇ ಬರೆದಿಡುತ್ತೇವೆ. ಬೇರೆ ಜಿಲ್ಲೆಯವರಿಗೂ ಉಪಯೋಗವಾಗುತ್ತದೆ.

ತೀರ್ಥಹಳ್ಳಿ ಡಿಟಿಪಿ

ಹಾಗಾದರೆ ನನ್ನ ಪ್ರಿಂಟರೇ ಮೊದಲನೆಯದಾಗಲಿ. ಬೇರೊಂದು ಇದೆ, ಇದನ್ನು ವಾರ ಎರಡು ವಾರ ಬಿಟ್ಟು ಹೋಗುತ್ತೇನೆ. ಜೊತೆಗೆ ಹಳೇ ಫೈಲ್‌ಗಳ ಒಂದು ಡಿಸ್ಕ್ ತರುತ್ತೇನೆ, ಭದ್ರಾವತಿಯವರು ಅರ್ಕಾವತ್ತು ಸರಿ ಮಾಡುವುದನ್ನು ಎದುರಿಗೇ ತೋರಿಸಲಿ. ಗಿರಾಕಿಗಳ ಕರಾರು ಪತ್ರ ಮಾತ್ರ ತರುವುದಿಲ್ಲ.

ದುರ್ಗಿಗುಡಿ ಸರ್ವೀಸ್ ಅಂಗಡಿ

ಸರಿಯಾಗಿ ಹೇಳಿದಿರಿ ಅಕ್ಕಾ. ಯಾರೇ ಮೆಷಿನ್ ತಂದರೂ ಖಾಸಗಿ ಫೈಲ್ ಮೊದಲೇ ತೆಗೆದಿಟ್ಟು ತನ್ನಿ. ಪ್ರಿಂಟರ್ ತರುವವರು ಕೇಬಲ್ ಮತ್ತು ಟೋನರ್ ಸಮೇತ ತನ್ನಿ.

ಸಾಗರ ಕಡೆಯ ಸೊಸೈಟಿ ಕಾರ್ಯದರ್ಶಿ

ಮುಂದಿನ ಕಮಿಟಿ ಸಭೆಯಲ್ಲಿ ವಿಷಯ ಇಡುತ್ತೇನೆ. ನನಗೆ ಒಂದು ಪುಟದ ಪತ್ರ ಬೇಕು. ಒಂದು ಮೆಷಿನ್‌ಗೆ ವರ್ಷಕ್ಕೆ ಎಷ್ಟು, ಕರೆ ಮಾಡಿದರೆ ಎಷ್ಟು ಹೊತ್ತಿನಲ್ಲಿ ಉತ್ತರ, ಕೆಲಸ ಆಗದಿದ್ದರೆ ಹಳೆಯ ಸ್ಥಿತಿಗೆ ಯಾರು ತಂದುಕೊಡುತ್ತಾರೆ. ಈ ಮೂರೂ ಅದರಲ್ಲಿರಲಿ. ಅಕ್ಕಪಕ್ಕದ ಸೊಸೈಟಿಗಳಿಗೂ ಅದನ್ನೇ ಕಳಿಸುತ್ತೇನೆ.